ಬೇನೆಯ ಗುಳಿಗೆಯೂ ಜಠರದ ಪೊರೆಯೂ

ಔಷಧದ ಗುಳಿಗೆಗೆ ಕನ್ನಡದಲ್ಲಿ ‘ಮಾತ್ರೆ’ ಎಂಬ ಇನ್ನೊಂದು ಹೆಸರುಂಟು. ಛಂದಸ್ಸನ್ನು ಓದಿದ ವಿದ್ಯಾರ್ಥಿಗಳಿಗೆ ಈ ಶಬ್ದದ ಪರಿಚಯ ಬೇರೊಂದು ಬಗೆಯಿಂದ ಆಗಿರುತ್ತದೆ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎರಡೂ ಕಡೆಗೆ ಅರ್ಥ ಒಂದೇ. ಮಾತ್ರೆಯೆಂದರೆ ಅಳತೆ, ಪ್ರಮಾಣ. ವೈದ್ಯನು ರೋಗಿಯ ಬಲಾಬಲವನ್ನು ನೋಡಿ ಅಳೆದು ಕೊಟ್ಟದ್ದು ಮಾತ್ರೆ; ಅಳತೆಯಿಲ್ಲದೆ ನುಂಗಿದ್ದಕ್ಕೆ ಆ ಹೆಸರು ಸಲ್ಲದು.

ಚಿಕ್ಕೋಡಿ ತಾಲೂಕಿನ ಏಕಸಂಬಿಯಂಥ ಊರಿನಲ್ಲಿ ಈ ಭೇದವನ್ನು ನೆನೆಯಲು ಕಾರಣವಿದೆ. ದೂಧಗಂಗೆಯ ಬಯಲಿನ ಎರೆಭೂಮಿಯಲ್ಲಿ ಕಬ್ಬು ಮುಖ್ಯ ಪೀಕು. ನಿಪ್ಪಾಣಿಯ ಸುತ್ತಮುತ್ತ ತಂಬಾಕು ಮತ್ತು ಬೀಡಿಯ ಉದ್ಯೋಗ ಬಹುಕಾಲದಿಂದ ಬೇರೂರಿದೆ. ಕಬ್ಬು ಕಡಿಯುವವನು ಬುಡಕ್ಕೆ ಬಾಗಿ ಕುಡುಗೋಲು ಹಾಕಬೇಕು. ಕಡಿದ ಹೊರೆಯನ್ನು ತಲೆಯ ಮೇಲೆ ಹೊತ್ತು ಗಾಡಿಗೇರಿಸಬೇಕು. ಬೀಡಿ ಕಟ್ಟುವ ಹೆಣ್ಣುಮಗಳು ತೊಡೆಯ ಮೇಲೆ ಮೊರವನ್ನಿಟ್ಟುಕೊಂಡು, ಕುತ್ತಿಗೆ ಬಾಗಿಸಿ ಇಡೀ ದಿನ ಕುಳಿತಿರಬೇಕು. ಟೊಂಕ, ಮೊಳಕಾಲು, ಹೆಗಲು, ಬೆರಳಿನ ಗಿಣ್ಣು ಇವುಗಳ ಬೇನೆ ಈ ಕಾಯಕಗಳ ಬೆನ್ನಿಗೇ ಬಂದದ್ದು. ಬೇನೆಯಿಂದ ಕೆಲಸ ನಿಂತರೆ ಅಂದಿನ ಕೂಲಿಯೂ ನಿಲ್ಲುತ್ತದೆ. ಆದುದರಿಂದ ಗುಳಿಗೆ ನುಂಗಿ ಕೆಲಸಕ್ಕೆ ಹೋಗುವ ರೂಢಿ ಬೆಳೆದಿದೆ. ಹೀಗೆ ನುಂಗುವವರು ತಮ್ಮನ್ನು ರೋಗಿಗಳೆಂದು ಎಣಿಸಿಕೊಳ್ಳುವುದೇ ಇಲ್ಲ. ಕೆಲವು ದಿನಗಳ ಮೇಲೆ ಎದೆಯ ಕೆಳಗೆ ಉರಿ ಏಳುತ್ತದೆ. ಆಗ ಅಂಗಡಿಯವನಲ್ಲಿ ಬರುವ ಬೇಡಿಕೆ ಇದು: ‘ಹೊಟ್ಟೆಗೆ ತ್ರಾಸು ಕೊಡದ ಗುಳಿಗೆ ಕೊಡಿರಿ.’

ಅಂಥ ಗುಳಿಗೆಯೊಂದಿದೆಯೆ? ಈ ಪ್ರಶ್ನೆ ಔಷಧಶಾಸ್ತ್ರವನ್ನು ನೂರಿಪ್ಪತ್ತೈದು ವರುಷಗಳಿಗೂ ಮಿಕ್ಕಿ ಕಾಡಿದೆ. ವಿಚಿತ್ರವೆಂದರೆ, ಹೊಟ್ಟೆ ಸುಡುವ ಔಷಧವೆಂದು ಇಂದು ಪ್ರಸಿದ್ಧವಾದ ಆಸ್ಪಿರಿನ್ ತಾನೇ ಹೊಟ್ಟೆಗೆ ಸೌಮ್ಯವಾಗಲೆಂದು ಹುಟ್ಟಿದ್ದು.

ಅದರ ಮೂಲ ಒಂದು ಮರದ ತೊಗಟೆ. ಯುರೋಪಿನ ವಿಲೋ ಮರದ ತೊಗಟೆಯನ್ನು ಒಣಗಿಸಿ ಪುಡಿಮಾಡಿ ಚಳಿಜ್ವರದವರಿಗೆ ಕೊಟ್ಟು ಗುಣ ಕಂಡ ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲೆಂಡಿನ ಪಾದ್ರಿ 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಈ ಮರದ ಕುಲ ನಮಗೆ ಅಪರಿಚಿತವಲ್ಲ. ಸಹ್ಯಾದ್ರಿಯ ಹಳ್ಳಕೊಳ್ಳಗಳ ದಂಡೆಯಲ್ಲಿ ಬೆಳೆಯುವ ನೀರವಂಜಿ ಅದೇ ಕುಲದ್ದು. ಗಡಿಯಾಚೆಯ ಮರಾಠಿಯಲ್ಲಿ ಇದಕ್ಕೆ ವಾಳುಂಜ ಎನ್ನುತ್ತಾರೆ. 1828ರಲ್ಲಿ ಮ್ಯೂನಿಕ್ಕಿನ ಬುಖ್ನರ್ ಎಂಬಾತನು ವಿಲೋ ತೊಗಟೆಯಿಂದ ಸ್ಯಾಲಿಸಿನ್ ಎಂಬ ಕಹಿ ಸತ್ವವನ್ನು ಬೇರ್ಪಡಿಸಿದನು. 1838ರಲ್ಲಿ ಇಟಲಿಯ ಪಿರಿಯಾ ಅದರಿಂದ ಸ್ಯಾಲಿಸಿಲಿಕ್ ಆಮ್ಲವನ್ನು ಪಡೆದನು. 1870ರ ದಶಕದಲ್ಲಿ ಈ ಆಮ್ಲ ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಾಗತೊಡಗಿದೊಡನೆ ಸಂಧಿವಾತದ ರೋಗಿಗಳಿಗೆ ಧಾರಾಳವಾಗಿ ದೊರಕಿತು. ಕೀಲುಗಳ ಬಾವು ಇಳಿಯಿತು, ಬೇನೆ ಅಡಗಿತು. ಆದರೆ ಬಾಯಿ, ಗಂಟಲು, ಹೊಟ್ಟೆ ಉರಿದು ವಾಂತಿಯಾಗಿ ಅನೇಕರು ಔಷಧವನ್ನೇ ಬಿಟ್ಟರು.

ಜರ್ಮನಿಯ ಬೇಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞನು 1897ರ ಆಗಸ್ಟದಲ್ಲಿ ಇದೇ ಆಮ್ಲಕ್ಕೆ ಅಸಿಟೈಲ್ ಎಂಬ ಅಂಶವನ್ನು ಜೋಡಿಸಿ ಶುದ್ಧ ರೂಪದಲ್ಲಿ ಹೊಸ ಪದಾರ್ಥವನ್ನು ಸಿದ್ಧಪಡಿಸಿದನು. (ಅಶುದ್ಧ ರೂಪದಲ್ಲಿ ಇದನ್ನು 1853ರಲ್ಲಿಯೇ ಫ್ರಾನ್ಸಿನ ಗೆರಾರ್ಡ್ ಮಾಡಿದ್ದನು.) ಸಂಧಿವಾತದಿಂದ ನರಳುತ್ತಿದ್ದ ತನ್ನ ತಂದೆಗೆ ಹಳೆಯ ಔಷಧ ಹೊಟ್ಟೆಗೊಗ್ಗದ್ದನ್ನು ಕಂಡು ಹಾಫ್‌ಮನ್ ಈ ಕೆಲಸಕ್ಕೆ ಕೈಹಾಕಿದನೆಂದು ಕಥೆ ಹೇಳುತ್ತಾರೆ. ಪಿತೃಭಕ್ತಿಯ ಆ ಕಥೆ ಸುಂದರವಾಗಿದೆ. ಆದರೆ ಅದು ಮೊದಲು ಅಚ್ಚಾದದ್ದು 1934ರಲ್ಲಿ. ಕೆಲಸಕ್ಕೆ ದಾರಿ ತೋರಿದವನು ತಾನೆಂದು ಅದೇ ಕಂಪನಿಯಲ್ಲಿದ್ದ ಆರ್ಥರ್ ಐಖೆನ್‌ಗ್ರೂನ್ 1949ರಲ್ಲಿ ಬರೆದನು. ಆತನು ಯೆಹೂದಿ, ಹಿಟ್ಲರನ ಆಳಿಕೆಯಲ್ಲಿ ಸೆರೆಶಿಬಿರದಲ್ಲಿದ್ದು ಬಂದವನು. 1934ರ ಜರ್ಮನಿಯಲ್ಲಿ ಅವನ ಹೆಸರು ಅಚ್ಚಾಗುವ ಸಂಭವವಿರಲಿಲ್ಲ ಎಂಬುದನ್ನು ನೆನೆದರೆ ಅವನ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಅದೇನೇ ಇರಲಿ, 1899ರಲ್ಲಿ ಆ ಪದಾರ್ಥ ‘ಆಸ್ಪಿರಿನ್’ ಎಂಬ ಹೆಸರಿನಿಂದ ಪೇಟೆಗೆ ಬಂದಿತು. ಅದು ಜಠರವನ್ನು ತೊಂದರೆಯಿಲ್ಲದೆ ದಾಟಿ ಕರುಳಿಗಿಳಿದ ಮೇಲೆಯೇ ಒಡೆಯುತ್ತದೆಂದು ಕಂಪನಿಯ ಪಂಡಿತರು ನಂಬಿದ್ದರು. ಬಾಯಿಗೂ ಗಂಟಲಿಗೂ ಅದು ಹಳೆಯದಕ್ಕಿಂತ ಹಿತವಾಗಿತ್ತೆಂಬುದು ನಿಜ. ಜಠರದ ವಿಷಯದಲ್ಲಿ ಮಾತ್ರ ಆ ನಂಬಿಕೆ ನಿಲ್ಲಲಿಲ್ಲ. 1938ರಲ್ಲಿ ಲಂಡನ್ನಿನ ಡೌತ್‌ವೇಟ್ ಮತ್ತು ಲಿಂಟಟ್ ಎಂಬ ವೈದ್ಯರು ಆಸ್ಪಿರಿನ್ ಸೇವಿಸಿದವರ ಜಠರದೊಳಗೆ ದರ್ಶಕನಳಿಗೆಯನ್ನು ಇಳಿಬಿಟ್ಟು ನೋಡಿದಾಗ ಒಳಪೊರೆ ಕೆಂಪೇರಿ ಗಾಯಗೊಂಡದ್ದು ಕಣ್ಣಿಗೇ ಕಂಡಿತು.

ಆ ಗಾಯ ಆಗುವ ಬಗೆಯನ್ನು ತುಸು ವಿವರವಾಗಿ ತಿಳಿಯಬೇಕು. ಜಠರದಲ್ಲಿ ಸ್ರವಿಸುವ ಆಮ್ಲ ಮಾಂಸವನ್ನು ಕರಗಿಸುವಷ್ಟು ತೀಕ್ಷ್ಣವಾದದ್ದು. ಅದು ಜಠರವನ್ನೇ ಏಕೆ ಕರಗಿಸುವುದಿಲ್ಲ? ಒಳಗೋಡೆಯ ಮೇಲೆ ಲೋಳೆಯ ಪದರವೊಂದು ಹರಡಿದೆ. ಅದರಡಿಯಲ್ಲಿ ಕ್ಷಾರ ಸ್ರವಿಸಿ ಗೋಡೆಯವರೆಗೆ ಸುಳಿದ ಆಮ್ಲವನ್ನು ಶಮನಗೊಳಿಸುತ್ತಿರುತ್ತದೆ. ಸವೆದ ಜೀವಕೋಶಗಳ ಸ್ಥಾನದಲ್ಲಿ ಕೆಲವೇ ದಿನಗಳಲ್ಲಿ ಹೊಸವು ಹುಟ್ಟುತ್ತವೆ. ಆಸ್ಪಿರಿನ್ ಈ ಕೋಟೆಯನ್ನು ಉಪಾಯದಿಂದ ಹೊಗುತ್ತದೆ. ಆಮ್ಲದ ನಡುವೆ ಅದರ ಅಣುವಿಗೆ ವಿದ್ಯುದಂಶವಿರುವುದಿಲ್ಲ. ಆ ಸ್ಥಿತಿಯಲ್ಲಿ ಜಿಡ್ಡಿನಿಂದಾದ ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಕೋಶದ ಒಳಗೆ ಆಮ್ಲವಿಲ್ಲ. ಅಲ್ಲಿ ಅದಕ್ಕೆ ವಿದ್ಯುದಂಶ ಬಂದು, ಬಂದ ದಾರಿಯಿಂದ ಹೊರಬೀಳಲಾರದೆ, ಬೋನು ಹೊಕ್ಕ ಇಲಿಯಂತೆ ಒಳಗೇ ಸೇರಿಕೊಂಡು ಕೋಶವನ್ನು ಕೆಡಿಸುತ್ತದೆ.

ಗುಳಿಗೆ ಜಠರದ ಗೋಡೆಯನ್ನು ಮುಟ್ಟುವುದರಿಂದ ಗಾಯವಾಗುವುದಾದರೆ ಮುಟ್ಟದಂತೆ ಮಾಡಬೇಕು ಎಂಬ ತರ್ಕ ಸಹಜವಾದದ್ದು. ನಮ್ಮ ವೈದ್ಯಶಾಸ್ತ್ರದಲ್ಲಿ ಅನುಪಾನವೆಂಬ ಕಲ್ಪನೆ ಇದೆ; ತೀಕ್ಷ್ಣವಾದ ಔಷಧವನ್ನು ತುಪ್ಪ, ಹಾಲು, ಜೇನುಗಳ ಜೊತೆ ಕೊಡುವ ಪದ್ಧತಿಯಲ್ಲಿ ಇದೇ ಎಚ್ಚರವಿದೆ. ಪಾಶ್ಚಾತ್ಯ ಔಷಧಕಾರರು ಮೂರು ದಾರಿ ಹಿಡಿದರು. ಗುಳಿಗೆಯ ಜೊತೆಗೆ ಕ್ಷಾರವನ್ನು ಬೆರೆಸಿ ಆಮ್ಲವನ್ನು ತಗ್ಗಿಸುವುದು ಒಂದು. ನೀರಿನಲ್ಲಿ ಕರಗುವಂತೆ ಮಾಡಿ, ಔಷಧದ ಹರಳು ಒಂದೇ ಕಡೆಗೆ ಅಂಟಿ ಕೂಡ್ರದಂತೆ ನೋಡಿಕೊಳ್ಳುವುದು ಇನ್ನೊಂದು. ನಮ್ಮವರು ಬಲ್ಲ ಡಿಸ್ಪ್ರಿನ್ ಈ ಬಗೆಯದು. ಮೂರನೆಯದು ಲೇಪ. ಆಮ್ಲದಲ್ಲಿ ಕರಗದೆ, ಕರುಳಿನ ಕ್ಷಾರದಲ್ಲಿ ಮಾತ್ರ ಕರಗುವ ಕವಚವನ್ನು ಗುಳಿಗೆಗೆ ತೊಡಿಸುವ ಈ ಉಪಾಯ ಆಸ್ಪಿರಿನ್ನಿಗಿಂತಲೂ ಹಳೆಯದು. ಹ್ಯಾಂಬರ್ಗಿನ ಉನ್ನಾ ಎಂಬ ವೈದ್ಯನು 1884ರಲ್ಲಿ ಕೊಂಬು ಉಗುರುಗಳಲ್ಲಿರುವ ಕೆರಟಿನ್ ಎಂಬ ದ್ರವ್ಯವನ್ನು ಇದಕ್ಕಾಗಿ ಬಳಸಿದ್ದನು. ಮುಂದೆ ನಮ್ಮ ದೇಶದ ಕಾಡುಗಳ ಅರಗು ಈ ಕೆಲಸಕ್ಕೆ ಒದಗಿತು. ಮುದ್ರೆಗೂ ಬಳೆಗೂ ಬರುವ ಅರಗೇ ಗುಳಿಗೆಯ ಅಂಗಿಯೂ ಆಯಿತು. ಆ ಮೇಲೆ ಕೃತಕ ದ್ರವ್ಯಗಳು ಅದರ ಸ್ಥಾನವನ್ನು ಬಹುಮಟ್ಟಿಗೆ ಹಿಡಿದವು.

1916ರಲ್ಲಿ ಸ್ಥಾಪಿತವಾದ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1968ರಲ್ಲಿ ಔಷಧಶಾಸ್ತ್ರ ಮಹಾವಿದ್ಯಾಲಯವನ್ನು ತೆರೆಯಿತು; ನಿಪ್ಪಾಣಿಯಲ್ಲಿಯೂ ಈ ಸಂಸ್ಥೆಯ ಅಂಥದೇ ಮಹಾವಿದ್ಯಾಲಯವಿದೆ. ಈ ಶಾಸ್ತ್ರವನ್ನು ಕಲಿಯುವ ತರುಣರು ಪ್ರಯೋಗಶಾಲೆಯಲ್ಲಿ ಮಾಡುವ ಒಂದು ಪರೀಕ್ಷೆ ಇಲ್ಲಿ ಉಲ್ಲೇಖಾರ್ಹವಾಗಿದೆ. ಲೇಪದ ಗುಳಿಗೆಯನ್ನು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎರಡು ತಾಸು ಏರಿಳಿಸುತ್ತಾರೆ; ಅದು ಬಿರಿಯಬಾರದು, ಮೆತ್ತಗಾಗಬಾರದು. ಬಳಿಕ ಆಮ್ಲವನ್ನು ತೆಗೆದು ಕರುಳಿನ ರಸಕ್ಕೆ ಸಮನಾದ ದ್ರಾವಣವನ್ನು ಹಾಕುತ್ತಾರೆ. ಈಗ ಒಂದು ತಾಸಿನೊಳಗೆ ಅದು ಒಡೆದು ಚದುರಬೇಕು. ಗಾಜಿನ ಪಾತ್ರೆಯಲ್ಲಿ ಈ ಪರೀಕ್ಷೆಯನ್ನು ಗೆದ್ದ ಗುಳಿಗೆ ಮನುಷ್ಯನ ಹೊಟ್ಟೆಯಲ್ಲಿಯೂ ಮಾತು ಉಳಿಸಿಕೊಳ್ಳಬೇಕಲ್ಲವೆ?

ಕೊಂಚಮಟ್ಟಿಗೆ ಉಳಿಸಿಕೊಳ್ಳುತ್ತದೆ. ಲೇಪದ ಗುಳಿಗೆಯನ್ನು ಕೆಲದಿನ ಸೇವಿಸಿದವರ ಜಠರವನ್ನು ನಳಿಗೆಯಿಂದ ನೋಡಿದರೆ ಗೀರುಗಾಯಗಳು ಕಡಿಮೆ ಕಾಣುತ್ತವೆ. ಆದರೆ ಪ್ರಾಣಕ್ಕೆ ಅಪಾಯ ತರುವುದು ಗೀರಲ್ಲ, ಹುಣ್ಣು ಮತ್ತು ರಕ್ತಸ್ರಾವ. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಮೇರಿಕೆಯ ಸಂಶೋಧಕರು ಪ್ರಕಟಿಸಿದ ಲೆಕ್ಕವನ್ನು ನೋಡಬೇಕು. ದಿನಕ್ಕೆ 325 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಆಸ್ಪಿರಿನ್ ಸೇವಿಸುವವರಲ್ಲಿ ಅದನ್ನು ಸೇವಿಸದವರಿಗಿಂತ ದೊಡ್ಡ ರಕ್ತಸ್ರಾವದ ಸಂಭವ ಸಾದಾ ಗುಳಿಗೆಯಿಂದ 2.6 ಪಟ್ಟು, ಲೇಪದ ಗುಳಿಗೆಯಿಂದ 2.7 ಪಟ್ಟು, ಕ್ಷಾರ ಬೆರೆಸಿದ್ದರಿಂದ 3.1 ಪಟ್ಟು ಇತ್ತು. ಅಂಕಿಗಳ ನಡುವಿನ ಚಿಕ್ಕ ಅಂತರಕ್ಕೆ ಬೆಲೆಯಿಲ್ಲ. ಮೂರೂ ಒಂದೇ ಎಂದು ತಿಳಿಯಬೇಕು. ಅಂಗಿ ತೊಡಿಸಿದರೂ ತೊಡಿಸದಿದ್ದರೂ ಹಾನಿ ನಡೆದೇ ಇತ್ತು.

ಇದರ ಕಾರಣ ಇಪ್ಪತ್ತೈದು ವರುಷ ಮೊದಲೇ ತಿಳಿದಿತ್ತು. 1971ರಲ್ಲಿ ಲಂಡನ್ನಿನ ಜಾನ್ ವೇನ್ ಆಸ್ಪಿರಿನ್ ದೇಹದಲ್ಲಿ ಮಾಡುವ ಕೆಲಸದ ಗುಟ್ಟನ್ನು ಹೊರಗೆಡವಿದನು. ಪಾದ್ರಿ ಸ್ಟೋನನ ಪತ್ರದಿಂದ ಎಣಿಸಿದರೆ 208 ವರುಷ ಲೋಕವು ಕಾರಣವರಿಯದೆ ಗುಣವನ್ನಷ್ಟೇ ಅನುಭವಿಸಿತ್ತು. ಪೆಟ್ಟುಬಿದ್ದ ಅಥವಾ ಬಾತುಕೊಂಡ ಅಂಗದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳು ಹುಟ್ಟುತ್ತವೆ. ನರದ ತುದಿಗಳು ನೋವಿಗೆ ಹೆಚ್ಚು ಸೂಕ್ಷ್ಮವಾಗುವುದು ಅವುಗಳಿಂದ. ಅವನ್ನು ತಯಾರಿಸುವ ಕಿಣ್ವಕ್ಕೆ ಸೈಕ್ಲೋಆಕ್ಸಿಜನೇಸ್ ಎಂದು ಹೆಸರು. ಆಸ್ಪಿರಿನ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಮೊದಲಾದವೂ ಅದನ್ನೇ ಮಾಡುತ್ತವೆ. ಈ ಶೋಧಕ್ಕಾಗಿ ವೇನ್‌ಗೆ ಬರ್ಗ್‌ಸ್ಟ್ರಾಮ್, ಸ್ಯಾಮ್ಯುಯೆಲ್ಸನ್ ಎಂಬವರೊಡನೆ 1982ರ ನೊಬೆಲ್ ಪಾರಿತೋಷಕ ದೊರಕಿತು.

ತೊಡಕು ಇರುವುದೂ ಇಲ್ಲಿಯೇ. ಮೊಳಕಾಲಿನಲ್ಲಿ ಬೇನೆಯನ್ನು ಹೆಚ್ಚಿಸುವ ಪ್ರೋಸ್ಟಾಗ್ಲಾಂಡಿನ್‌ಗಳೇ ಜಠರದಲ್ಲಿ ಕಾವಲುಗಾರನ ಕೆಲಸ ಮಾಡುತ್ತವೆ. ಲೋಳೆಯನ್ನು ಸ್ರವಿಸಲು, ಕ್ಷಾರವನ್ನು ಒದಗಿಸಲು, ಗೋಡೆಗೆ ರಕ್ತವನ್ನು ಹರಿಸಲು ಪ್ರೇರಣೆ ಅವುಗಳದೇ. ನುಂಗಿದ ಗುಳಿಗೆ ಎಲ್ಲಿ ಕರಗಿದರೂ ಕೊನೆಗೆ ರಕ್ತಕ್ಕೆ ಸೇರುತ್ತದೆ. ರಕ್ತದ ಮೂಲಕ ಮೊಳಕಾಲಿಗೆ ಹೋಗುವಂತೆ ಜಠರದ ಗೋಡೆಗೂ ಹಿಂಭಾಗದಿಂದ ಬಂದು ಮುಟ್ಟುತ್ತದೆ. ಮುಂಬಾಗಿಲಿಗೆ ಅಗಳಿ ಹಾಕಿದ ಮನೆಗೆ ಹಿತ್ತಲ ಬಾಗಿಲಿನಿಂದ ಕಳ್ಳ ಬಂದಂತೆ. ಸೂಜಿಯಿಂದ ಚುಚ್ಚಿಸಿಕೊಂಡರೂ ಹುಣ್ಣು ಬರುವುದು ಈ ಕಾರಣದಿಂದಲೇ. ‘ಸೂಜಿ ಹೊಟ್ಟೆಗೆ ಹೋಗುವುದಿಲ್ಲವಲ್ಲ’ ಎಂದು ಸೂಜಿಯನ್ನೇ ಬೇಡುವ ಹಿರಿಯರಿಗೆ ಇದನ್ನು ತಿಳಿಸಿ ಹೇಳಬೇಕು. ಆಸ್ಪಿರಿನ್ನಿನದು ಇನ್ನೂ ಒಂದು ಗುಣ: ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಫಲಕಗಳನ್ನು ಅವುಗಳ ಆಯುಷ್ಯ ಮುಗಿಯುವವರೆಗೆ, ಅಂದರೆ ಎಂಟು ಹತ್ತು ದಿನ, ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಹೃದ್ರೋಗಿಗೆ ಇದೇ ವರ. ಹುಣ್ಣಿದ್ದವನಿಗೆ ಇದೇ ಶಾಪ. (ಹೃದಯಕ್ಕೆಂದು ವೈದ್ಯರು ಬರೆದುಕೊಟ್ಟ ಆಸ್ಪಿರಿನ್ನನ್ನು ಇದನ್ನೋದಿ ಯಾರೂ ತಾವಾಗಿ ಬಿಡತಕ್ಕದ್ದಲ್ಲ, ಅದರ ಲೆಕ್ಕ ಬೇರೆ.)

ಸೌಮ್ಯವೆಂಬ ಶಬ್ದ ಮೋಸಗೊಳಿಸುವುದು ಎಲ್ಲಿ ಎಂಬುದು ಈಗ ಸ್ಪಷ್ಟವಾಗುತ್ತದೆ. ಹೊಟ್ಟೆ ಉರಿಯುವುದು ಬೇರೆ, ಹೊಟ್ಟೆ ಹುಣ್ಣಾಗುವುದು ಬೇರೆ. ಲೇಪವು ಉರಿಯನ್ನು ತಗ್ಗಿಸಬಹುದು. ಉರಿಯಿಲ್ಲವೆಂದು ಮನುಷ್ಯನು ಧೈರ್ಯದಿಂದ ತಿಂಗಳುಗಟ್ಟಲೆ ನುಂಗುತ್ತಾನೆ. ಹುಣ್ಣಾದಾಗ ಬರಬೇಕಾದ ನೋವನ್ನು ಅದೇ ಗುಳಿಗೆ ಅಡಗಿಸಿಬಿಡುತ್ತದೆ. ಮುಪ್ಪಿನವರಲ್ಲಿ ಒಂದು ದಿನವೂ ಹೊಟ್ಟೆ ನೋಯದೆ ನೇರವಾಗಿ ರಕ್ತಸ್ರಾವವೇ ಮೊದಲ ಲಕ್ಷಣವಾಗಿ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಮಲವು ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋಗುತ್ತದೆ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುವುದರಿಂದ ಇದನ್ನು ಅಲಕ್ಷಿಸುವವರೂ ಉಂಟು. ಅಂಥವರನ್ನು ತಡಮಾಡದೆ ದೊಡ್ಡ ದವಾಖಾನೆಗೆ ಒಯ್ಯಬೇಕು. ಈ ಸೀಮೆಯವರಿಗೆ ಅದೆಂದರೆ ಬೆಳಗಾವಿ, ಕೊಲ್ಲಾಪುರ ಅಥವಾ ಮಿರಜ. 1894ರಲ್ಲಿ ವಾನ್ಲೆಸ್ ಸಾಹೇಬರು ಮಿರಜಿನಲ್ಲಿ ದವಾಖಾನೆ ತೆರೆದಂದಿನಿಂದ ಆ ಊರಿನ ದಾರಿ ಇಲ್ಲಿಯ ರೋಗಿಗಳಿಗೆ ಪರಿಚಿತವೇ. ಆದರೆ ರಕ್ತ ಸೋರುತ್ತಿರುವವನಿಗೆ ಆ ದಾರಿ ದೂರವಾಗುತ್ತದೆ.

ಮುಚ್ಚುವುದರಿಂದ ಆಗದಿದ್ದರೆ, ಕಳೆದುಹೋದ ಕಾವಲುಗಾರನನ್ನು ಮರಳಿ ನಿಲ್ಲಿಸಬಹುದೆ? ಪ್ರೋಸ್ಟಾಗ್ಲಾಂಡಿನ್ನಿನ ಪಡಿಯಚ್ಚಿನಂಥ ಮಿಸೊಪ್ರೊಸ್ಟಾಲ್ ಎಂಬ ಔಷಧ ಹೀಗೆ ಬಂದಿತು. 8,843 ಸಂಧಿವಾತ ರೋಗಿಗಳ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹುಣ್ಣಿನ ಗಂಭೀರ ತೊಡಕುಗಳು ಅದರಿಂದ ನೂರಕ್ಕೆ 40ರಷ್ಟು ಕಡಿಮೆಯಾದವು. ಆದರೆ ಅದರಿಂದ ಭೇದಿಯಾಗುತ್ತದೆ, ಗರ್ಭಿಣಿಯರಿಗೆ ಗರ್ಭಪಾತದ ಭಯವಿದೆ. ಆದುದರಿಂದ ಈ ಉಪಯೋಗಕ್ಕೆ ಅದು ಜನಪ್ರಿಯವಾಗಲಿಲ್ಲ. ಇನ್ನೊಂದು ಉಪಾಯ ಆಮ್ಲವನ್ನೇ ನಿಲ್ಲಿಸುವುದು. ಓಮೆಪ್ರಜೋಲ್, ರ‍್ಯಾಬೆಪ್ರಜೋಲ್ ಮೊದಲಾದವು ಜಠರದ ಆಮ್ಲ ಹುಟ್ಟುವ ಬಾಯಿಯನ್ನೇ ಕಟ್ಟುತ್ತವೆ. ಬೇನೆಯ ಔಷಧವನ್ನೂ ಇದನ್ನೂ ಒಂದೇ ಗುಳಿಗೆಯಲ್ಲಿ ಕೂಡಿಸಿ ಮಾರುವುದು ನಮ್ಮ ದೇಶದಲ್ಲಿ ಇಂದು ಸರ್ವಸಾಧಾರಣವಾಗಿದೆ. ಜಠರದ ಹುಣ್ಣು ಇದರಿಂದ ನಿಜವಾಗಿಯೂ ಕಡಿಮೆಯಾಗುತ್ತದೆ. ಈವರೆಗಿನ ಯುಕ್ತಿಗಳಲ್ಲಿ ಇದು ಹೆಚ್ಚು ನಂಬತಕ್ಕದ್ದು. ಆದರೆ ಸಣ್ಣ ಕರುಳಿನಲ್ಲಿ ಆಮ್ಲವೇ ಇಲ್ಲ. ಅಲ್ಲಿ ಬೇನೆಯ ಗುಳಿಗೆ ಮಾಡುವ ಗಾಯಕ್ಕೆ ಆಮ್ಲ ನಿಲ್ಲಿಸುವ ಔಷಧ ಏನು ಮಾಡೀತು?

1990ರ ದಶಕದ ಆರಂಭದಲ್ಲಿ ಆ ಕಿಣ್ವದಲ್ಲಿ ಎರಡು ಬಗೆಗಳಿವೆಯೆಂದು ತಿಳಿದುಬಂದಾಗ ಎಲ್ಲರ ಆಸೆ ಚಿಗುರಿತು. ಒಂದನೆಯದು ಜಠರದ ಕಾವಲಿಗೆ, ಎರಡನೆಯದು ಮುಖ್ಯವಾಗಿ ಬಾವು ಬೇನೆಗಳಿಗೆ. ಎರಡನೆಯದನ್ನು ಮಾತ್ರ ಕಟ್ಟಿಹಾಕುವ ಸೆಲೆಕಾಕ್ಸಿಬ್ 1998ರ ಕೊನೆಗೆ ಅಮೇರಿಕೆಯಲ್ಲಿ ಒಪ್ಪಿಗೆ ಪಡೆಯಿತು. ಮರುವರುಷ ರೋಫೆಕಾಕ್ಸಿಬ್ ಬಂದಿತು. ಜಠರಕ್ಕೆ ಇವು ನಿಜಕ್ಕೂ ಸೌಮ್ಯವಾದವು. 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅನ್ನಮಾರ್ಗದ ಗಂಭೀರ ತೊಂದರೆ ಸೆಲೆಕಾಕ್ಸಿಬ್ ಪಡೆದವರಲ್ಲಿ ನೂರಕ್ಕೆ 0.9, ಡೈಕ್ಲೊಫೆನ್ಯಾಕ್ ಮತ್ತು ಓಮೆಪ್ರಜೋಲ್ ಎರಡನ್ನೂ ಕೂಡಿಸಿ ಪಡೆದವರಲ್ಲಿ 3.8 ಇತ್ತು. ಆದರೆ ಹೊಟ್ಟೆ ಉಳಿಸಿಕೊಟ್ಟದ್ದಕ್ಕೆ ಬೆಲೆಯನ್ನು ಹೃದಯ ತೆರಬೇಕಾಯಿತು. ರೋಫೆಕಾಕ್ಸಿಬ್ ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದು ಗೊತ್ತಾಗಿ 2004ರ ಸೆಪ್ಟೆಂಬರ 30ರಂದು ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂದೆಗೆಯಿತು. ಅದೇ ಡಿಸೆಂಬರದಲ್ಲಿ ಭಾರತ ಸರಕಾರವೂ ಅದನ್ನು ನಿಷೇಧಿಸಿತು. ಅಪಾಯದ ಸುಳಿವು 2000ದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯೇ ಇತ್ತು. ನಾಲ್ಕು ವರುಷ ಅದು ಅಂಗಡಿಗಳಲ್ಲಿ ಹಾಗೆಯೇ ಉಳಿದದ್ದು ಔಷಧ ಪ್ರಪಂಚಕ್ಕೆ ಶೋಭೆ ತರುವ ಸಂಗತಿಯಲ್ಲ. ಸೆಲೆಕಾಕ್ಸಿಬ್ ಇಂದಿಗೂ ಬಳಕೆಯಲ್ಲಿದೆ, ಆದರೆ ಎದೆಯ ಬೇನೆಯಿದ್ದವರಿಗಲ್ಲ.

ಹಾಗಾದರೆ ಬೀಡಿ ಕಟ್ಟುವವಳ ಗಿಣ್ಣಿಗೆ, ಕಬ್ಬು ಕಡಿಯುವವನ ಮೊಳಕಾಲಿಗೆ ಏನಿದೆ? ಪ್ಯಾರಾಸಿಟಮಾಲ್ ಜಠರವನ್ನು ಬಹುಮಟ್ಟಿಗೆ ಬಾಧಿಸುವುದಿಲ್ಲ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಕಂಪನಿಯ ಡೋಲೊ-650 ಕೋವಿಡ್ ಕಾಲದಲ್ಲಿ ಮನೆಮಾತಾಯಿತಷ್ಟೆ; ಅದರಲ್ಲಿರುವುದು ಇದೇ, 650 ಮಿಲಿಗ್ರಾಂ. ಬಾವನ್ನು ಇಳಿಸುವ ಶಕ್ತಿ ಇದಕ್ಕೆ ಕಡಿಮೆ. ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಕೇಡು, ಕುಡಿಯುವವರಿಗೆ ಅದಕ್ಕೂ ಕಡಿಮೆಯಲ್ಲಿಯೇ ಕೇಡು. ಇನ್ನೊಂದು ಉಪಾಯ ಜನರು ಹಳೆಯದೆಂದು ಕಡೆಗಣಿಸಿದ್ದು: ಮೇಲೆ ಹಚ್ಚುವುದು. 1893ರಲ್ಲಿ ಮುಂಬಯಿಯಲ್ಲಿ ಕಾಶಿನಾಧುನಿ ನಾಗೇಶ್ವರರಾಯರು ಆರಂಭಿಸಿದ ಅಮೃತಾಂಜನದಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಆ ವಿಲೋ ತೊಗಟೆಯ ಸತ್ವದ ದಾಯಾದಿಯೇ. ಇಂದು ಡೈಕ್ಲೊಫೆನ್ಯಾಕ್ ಕೂಡ ಲೇಪನದ ರೂಪದಲ್ಲಿ ದೊರೆಯುತ್ತದೆ. ಮೊಳಕಾಲಿಗೆ ಹಚ್ಚಿದಾಗ, ಗುಳಿಗೆಯಿಂದ ರಕ್ತಕ್ಕೆ ಸೇರುವುದರ ಸುಮಾರು ನೂರರಲ್ಲಿ ಆರು ಅಂಶ ಮಾತ್ರ ರಕ್ತವನ್ನು ಸೇರುತ್ತದೆ. ಉಳಿದಂತೆ ಬೇನೆಯಿದ್ದಲ್ಲಿಯೇ ಕೆಲಸ ಮಾಡುತ್ತದೆ. ಆಳದಲ್ಲಿರುವ ಟೊಂಕದ ಬೇನೆಗೆ ಇದು ಅಷ್ಟಾಗಿ ಮುಟ್ಟದು. ಆದರೆ ಕೈಬೆರಳು ಮೊಳಕಾಲುಗಳಿಗೆ, ಹಿತ್ತಲ ಬಾಗಿಲಿನ ಕಳ್ಳನನ್ನೂ ತಡೆಯುವ ರೂಪವೆಂದರೆ ಇದೊಂದೇ ಎಂದು ಹೇಳಬೇಕು.

ಜನಸಂಖ್ಯೆ ಒಂದು ಸಾವಿರ ಮೀರದ ಹಳ್ಳಿಗಳಲ್ಲಿ ಆಸ್ಪಿರಿನ್, ಪ್ಯಾರಾಸಿಟಮಾಲ್ ಗುಳಿಗೆಗಳನ್ನು ಪರವಾನಿಗೆಯಿಲ್ಲದ ಅಂಗಡಿಯವರೂ ಮಾರಬಹುದೆಂದು ಔಷಧ ನಿಯಮಗಳಲ್ಲಿ ವಿನಾಯಿತಿ ಇದೆ. ಏಕಸಂಬಿ ಅಷ್ಟು ಚಿಕ್ಕ ಊರಲ್ಲ. ಡೈಕ್ಲೊಫೆನ್ಯಾಕ್ ಗುಳಿಗೆಯನ್ನಂತೂ ವೈದ್ಯರ ಚೀಟಿಯಿಲ್ಲದೆ ಎಲ್ಲಿಯೂ ಕೊಡುವಂತಿಲ್ಲ. ಔಷಧದ ಅಂಗಡಿಯಿಂದ ತಂದ ಪಟ್ಟಿಯ ಮೇಲೆ ಹೆಸರಿನ ಮುಂದೆ ಒಂದೆರಡು ಅಕ್ಷರಗಳು ಅಚ್ಚಾಗಿರುತ್ತವೆ. ಮನೆಯಲ್ಲಿ ಓದುವ ಮಕ್ಕಳು ಹಿರಿಯರಿಗೆ ಅವನ್ನು ಓದಿ ಹೇಳಬಹುದು. ‘ಇ.ಸಿ.’ ಎಂದಿದ್ದರೆ ಕರುಳಿನಲ್ಲಿ ಕರಗುವ ಲೇಪದ್ದು; ‘ಎಸ್.ಆರ್.’ ಎಂದಿದ್ದರೆ ನಿಧಾನವಾಗಿ ಬಿಡುಗಡೆಯಾಗುವಂಥದು. ಇವೆರಡನ್ನೂ ಅಗಿಯಬಾರದು, ಕುಟ್ಟಿ ಪುಡಿಮಾಡಬಾರದು. ಲೇಪದ ಗುಳಿಗೆಯ ಜೊತೆಗೇ ಆಮ್ಲಶಾಮಕ ದ್ರಾವಣವನ್ನು ಕುಡಿದರೆ ಕವಚ ಜಠರದಲ್ಲಿಯೇ ಕರಗಿಹೋಗುತ್ತದೆ. ಖರ್ಚು ಉಳಿಯಲೆಂದು ಒಂದು ಗುಳಿಗೆಯನ್ನು ಮುರಿದು ಅರ್ಧ ಮುಂಜಾನೆ, ಅರ್ಧ ಸಂಜೆ ನುಂಗುವವರು ಅನೇಕರಿದ್ದಾರೆ. ಮುರಿದ ಕ್ಷಣಕ್ಕೆ ಲೇಪದ ಅಂಗಿ ಹರಿದಿರುತ್ತದೆ, ಎಂಟು ಹತ್ತು ತಾಸುಗಳಲ್ಲಿ ಬಿಡುಗಡೆಯಾಗಬೇಕಾದ ಔಷಧ ಬೇಗನೆ ಹೊಟ್ಟೆಗೆ ಸುರಿಯುತ್ತದೆ.